ಬೇರೆ ಬೇರೆ ಕಾಲದ ನಾಯಕರು ಒಂದೇ ಚಿತ್ರದಲ್ಲಿ: ಇಂಥ ಪೇಂಟಿಂಗನ್ನು ಓದುವುದು ಹೇಗೆ?

ಕುಂಚಪ್ರಿಯ

ಅಮೆರಿಕದ ಕಲಾವಿದ ಆಂಡಿ ಥಾಮಸ್ ಅವರ ‘ದಿ ರಿಪಬ್ಲಿಕನ್ ಕ್ಲಬ್’ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 2018ರ ಅಕ್ಟೋಬರ್‌ನಲ್ಲಿ ಟ್ರಂಪ್ ಅವರ ಟಿವಿ ಸಂದರ್ಶನ ನಡೆದಾಗ ಶ್ವೇತಭವನದ ಗೋಡೆಯ ಮೇಲೆ ಇದು ಕಾಣಿಸಿತು. ಆಮೇಲೆ ಎಲ್ಲ ಕಡೆ ಹರಡಿತು. ಒಂದು ಮೇಜು, ಅದರ ಸುತ್ತ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರು. ಐಸೆನ್‌ಹೋವರ್ ಮತ್ತು ನಿಕ್ಸನ್ ನಡುವೆ ಟ್ರಂಪ್ ಕೂತಿದ್ದಾರೆ. ಎದುರಿಗೆ ಲಿಂಕನ್ ಇದ್ದಾರೆ, ಆದರೆ ನಮಗೆ ಕಾಣೋದು ಅವರ ಬೆನ್ನು. ಥಿಯೋಡರ್ ರೂಸ್‌ವೆಲ್ಟ್, ರೇಗನ್, ಫೋರ್ಡ್, ಇಬ್ಬರು ಬುಷ್‌ಗಳೂ ಇದ್ದಾರೆ. ಎಲ್ಲರೂ ಹಳೇ ಗೆಳೆಯರ ಹಾಗೆ ನಗುತ್ತಿದ್ದಾರೆ.

ಇದೇ ಕಲಾವಿದರು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರನ್ನು ಕೂರಿಸಿ ಇಂಥದ್ದೇ ಇನ್ನೊಂದು ಚಿತ್ರವನ್ನೂ ಮಾಡಿದ್ದಾರೆ. ಹಾಗಾಗಿ ಇದನ್ನು ಒಂದು ಪಕ್ಷದ ಪ್ರಚಾರ ಅಂತ ತಳ್ಳಿಹಾಕೋಕೆ ಆಗಲ್ಲ. ಆದರೂ ಏನೋ ಒಂದು ಹೇಳ್ತಿದೆ ಅನ್ನಿಸುತ್ತದೆ. ಒಬ್ಬರನ್ನೊಬ್ಬರು ಯಾವತ್ತೂ ನೋಡದ ಜನರನ್ನು ಹೀಗೆ ಒಟ್ಟಿಗೆ ಕೂರಿಸಿದಾಗ ನಾವು ಏನನ್ನು ನೋಡಬೇಕು? ಮುಖಭಾವವನ್ನೋ, ಕೂತಿರುವ ಜಾಗವನ್ನೋ, ಕಲಾವಿದರ ಉದ್ದೇಶವನ್ನೋ?

ಸುಮ್ನೆಒಬ್ಬ

ಓದೋಕೆ ಏನಿದೆ ಸರ್ ಅದರಲ್ಲಿ? ಅಭಿಮಾನಿಗಳಿಗೆ ಮಾರೋಕೆ ಮಾಡಿದ ಚಿತ್ರ. ಎಲ್ಲರೂ ನಗುತ್ತಿದ್ದಾರೆ, ಎಲ್ಲರೂ ಚೆನ್ನಾಗಿ ಕಾಣುತ್ತಾರೆ, ಪ್ರಿಂಟ್ ತಗೊಂಡು ಗೋಡೆಗೆ ಹಾಕಿಕೊಳ್ಳೋದು. ಅಷ್ಟೇ. ಲಿಂಕನ್ ಬೆನ್ನು ತೋರಿಸಿದ್ದಕ್ಕೂ ನಾಳೆ ಯಾರಾದರೂ ಹತ್ತು ಪುಟ ಬರೀತಾರೆ.

ಬಣ್ಣಗಾರ

ಹತ್ತು ಪುಟ ಬರೆಯಲ್ಲ, ಒಂದು ಪ್ಯಾರಾ ಬರೀತೀನಿ. ನಾನು ಗುಂಪು ಭಾವಚಿತ್ರಗಳನ್ನು ಮಾಡುತ್ತೇನೆ, ಅದಕ್ಕೆ ಕೆಲಸದ ಕಡೆಯಿಂದ ಹೇಳ್ತೀನಿ.

ದುಂಡು ಮೇಜಿನ ಸುತ್ತ ಜನರನ್ನು ಕೂರಿಸಿದರೆ ಒಬ್ಬರಾದರೂ ನೋಡುಗನಿಗೆ ಬೆನ್ನು ಹಾಕಲೇಬೇಕು. ಇಲ್ಲದಿದ್ದರೆ ಎಲ್ಲರೂ ಒಂದೇ ಕಡೆ ಸಾಲಾಗಿ ಕೂತು ನಾಟಕದ ವೇದಿಕೆ ಥರ ಆಗುತ್ತದೆ. ಬೆನ್ನು ಹಾಕಿದವನ ಪಕ್ಕದಲ್ಲಿ ನಾವೂ ನಿಂತಿದ್ದೀವಿ ಅನ್ನಿಸುತ್ತದೆ, ಚಿತ್ರದೊಳಕ್ಕೆ ಹೋಗೋಕೆ ಅದೇ ಬಾಗಿಲು. ಈಗ ಕಷ್ಟ ಏನಪ್ಪಾ ಅಂದರೆ, ಮುಖ ಕಾಣದೆ ಗುರುತು ಸಿಗುವ ನಾಯಕ ಯಾರು? ಫೋರ್ಡ್ ಬೆನ್ನು ಹಾಕಿ ಕೂತರೆ ಯಾರಿಗೂ ಗೊತ್ತಾಗಲ್ಲ. ಲಿಂಕನ್ ಅಂದರೆ ಉದ್ದನೆ ದೇಹ, ಗಡ್ಡದ ಅಂಚು, ಕೆದರಿದ ಕೂದಲು. ಸಾಕು.

ಇನ್ನೊಂದು ವಿಷಯ. ಬೇರೆ ಬೇರೆ ಕಾಲದವರನ್ನು ಬರೆಯುವಾಗ ನಮಗೆ ಸಿಗುವ ಆಕರಗಳೇ ಬೇರೆ ಬೇರೆ. ರೇಗನ್ ನಗುವ ಫೋಟೋ ಬೇಕಾದಷ್ಟಿವೆ. ಲಿಂಕನ್ ಹಲ್ಲು ಕಾಣುವಂತೆ ನಗುವ ಫೋಟೋ ಒಂದೂ ಇಲ್ಲ. ಆಗ ಫೋಟೋ ತೆಗೆಯೋಕೆ ಸೆಕೆಂಡುಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ವಾಷಿಂಗ್ಟನ್ ಸತ್ತಿದ್ದು 1799ರಲ್ಲಿ, ಫೋಟೋಗ್ರಫಿ ಜಗತ್ತಿಗೆ ಪರಿಚಯವಾಗಿದ್ದು 1839ರಲ್ಲಿ. ಅವರ ಮುಖಕ್ಕೆ ಗಿಲ್ಬರ್ಟ್ ಸ್ಟುವರ್ಟ್ ಬರೆದ ಚಿತ್ರವೇ ಗತಿ, ಒಂದು ಡಾಲರ್ ನೋಟಿನ ಮೇಲೆ ಇರೋದೂ ಅದನ್ನು ನೋಡಿ ಮಾಡಿದ್ದು. ಹೀಗೆ ಒಬ್ಬನಿಗೆ ಕಲ್ಲಿನಂಥ ಮುಖ, ಇನ್ನೊಬ್ಬನಿಗೆ ಪತ್ರಿಕೆಯ ಫೋಟೋದ ಮುಖ. ಎರಡನ್ನೂ ಒಂದೇ ದೀಪದ ಬೆಳಕಿಗೆ ತರಬೇಕು. ಆ ಬೆಳಕನ್ನು ಹೊಂದಿಸಿದ ತಕ್ಷಣ ನೋಡುಗ ‘ಇವರೆಲ್ಲ ಒಂದೇ ಕೋಣೆಯಲ್ಲಿದ್ದರು’ ಅಂತ ನಂಬಿಬಿಡುತ್ತಾನೆ. ಈ ಥರದ ಚಿತ್ರಗಳ ನಿಜವಾದ ಕೈಚಳಕ ಬೆಳಕಿನಲ್ಲಿದೆ, ಮುಖದಲ್ಲಲ್ಲ.

ಸುಮ್ನೆಒಬ್ಬ

ಅಂದರೆ ಲಿಂಕನ್ ಬೆನ್ನಿಗೆ ಅರ್ಥ ಇಲ್ಲ ಅಂತ ನೀವೇ ಹೇಳಿದ ಹಾಗಾಯ್ತು.

ಬಣ್ಣಗಾರ

ಅರ್ಥ ಇಲ್ಲ ಅಂತ ಹೇಳಲಿಲ್ಲ ಮಾರಾಯರೇ. ಅನುಕೂಲಕ್ಕೆ ಮಾಡಿದ್ದಕ್ಕೂ ಅರ್ಥ ಬರುತ್ತದೆ. ಲಿಂಕನ್ ನಮ್ಮ ಕಡೆ ನೋಡ್ತಿಲ್ಲ, ಟ್ರಂಪ್ ಕಡೆ ನೋಡ್ತಿದ್ದಾರೆ. ಆದರೆ ಯಾವ ಮುಖ ಮಾಡಿಕೊಂಡು ನೋಡ್ತಿದ್ದಾರೆ ಅಂತ ನಮಗೆ ಕಾಣೋದೇ ಇಲ್ಲ. ಟ್ರಂಪ್ ಅಭಿಮಾನಿ ಅಲ್ಲೊಂದು ಮೆಚ್ಚುಗೆಯ ನಗುವನ್ನು ಊಹಿಸಿಕೊಳ್ಳುತ್ತಾನೆ, ವಿರೋಧಿ ಗಂಟು ಹಾಕಿದ ಹುಬ್ಬನ್ನು ಊಹಿಸಿಕೊಳ್ಳುತ್ತಾನೆ. ಎರಡೂ ಕಡೆಯವರು ಈ ಚಿತ್ರದ ಬಗ್ಗೆ ಅಷ್ಟು ಮಾತಾಡೋಕೆ ಇದೂ ಒಂದು ಕಾರಣ ಇರಬಹುದು.

ಹಳೇಪುಟ

ಇಂಥ ಚಿತ್ರ ನೋಡಿದಾಗ ನಾನು ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಚಿತ್ರ ಬರೆದಾಗ ಇವರಲ್ಲಿ ಬದುಕಿದ್ದವರು ಯಾರು? ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆಯ್ತು. ಸತ್ತವರಿಗೆ ಆ ಚಿತ್ರದಿಂದ ಏನೂ ಆಗಬೇಕಾಗಿಲ್ಲ. ಎದ್ದು ಹೋಗೋಕೂ ಅವರಿಂದ ಆಗಲ್ಲ.

ಮೊಘಲ್ ಚಿತ್ರಗಳನ್ನೇ ನೋಡಿ. ಶಾಜಹಾನ್ ಪಟ್ಟಕ್ಕೆ ಬಂದಿದ್ದು 1628ರಲ್ಲಿ. ಅದೇ ಸುಮಾರಿಗೆ ಗೋವರ್ಧನ್ ಎಂಬ ಕಲಾವಿದ ಒಂದು ಚಿತ್ರ ಬರೆದ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮೊಘಲರ ಪೂರ್ವಜ ತೈಮೂರ್ ನಡುವೆ ಕೂತು ಬಾಬರನಿಗೆ ಕಿರೀಟ ಕೊಡುತ್ತಿದ್ದಾನೆ, ಪಕ್ಕದಲ್ಲಿ ಹುಮಾಯೂನ್ ಇದ್ದಾನೆ. ತೈಮೂರ್ ಸತ್ತಿದ್ದು 1405ರಲ್ಲಿ, ಬಾಬರ್ ಹುಟ್ಟಿದ್ದು 1483ರಲ್ಲಿ. ಕಿರೀಟ ಕೈ ದಾಟೋಕೆ ಸಾಧ್ಯವೇ ಇಲ್ಲ.

ಇದಕ್ಕಿಂತ ಮಜಾ ಇರೋದು ಬಿಚಿತ್ರ್ ಬರೆದ ಚಿತ್ರದಲ್ಲಿ. ಅದು ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ, 1630ರ ಆಸುಪಾಸಿನದು. ನಡುವೆ ಅಕ್ಬರ್, ಒಂದು ಕಡೆ ಜಹಾಂಗೀರ್, ಇನ್ನೊಂದು ಕಡೆ ಶಾಜಹಾನ್. ಅಕ್ಬರ್ ಕಿರೀಟ ಕೊಡ್ತಿರೋದು ಮಗ ಜಹಾಂಗೀರನಿಗಲ್ಲ, ಮೊಮ್ಮಗ ಶಾಜಹಾನನಿಗೆ! ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದಾನೆ. ಶಾಜಹಾನ್ ತನ್ನ ಅಪ್ಪನ ವಿರುದ್ಧ 1620ರ ದಶಕದಲ್ಲಿ ದಂಗೆ ಎದ್ದವನು ಅನ್ನೋದು ನೆನಪಿದ್ದರೆ ಈ ಚಿತ್ರ ಹೇಳುವುದು ಥಟ್ಟನೆ ತಿಳಿಯುತ್ತದೆ. ‘ನನಗೆ ಪಟ್ಟ ಬಂದಿದ್ದು ಅಜ್ಜನಿಂದ.’ ಅಪ್ಪನನ್ನು ಚಿತ್ರದಿಂದ ತೆಗೆದುಹಾಕಿಲ್ಲ, ಅದು ಮರ್ಯಾದೆ. ಅವನ ಕೈ ಮೂಲಕ ಕಿರೀಟ ದಾಟಿಸಿಲ್ಲ, ಅದು ರಾಜಕೀಯ. ಮೂವರಲ್ಲಿ ಆಗ ಬದುಕಿದ್ದವನು ಒಬ್ಬನೇ.

ಕುಂಚಪ್ರಿಯ

ಅಬ್ಬಾ. ಅಂದರೆ ಈ ಥರದ ಚಿತ್ರ ಮಾಡೋದು ಹೊಸದೇನಲ್ಲ ಅಂತಾಯ್ತು. ನಾನು ಇದು ಇಂಟರ್ನೆಟ್ ಕಾಲದ ಹುಚ್ಚು ಅಂದುಕೊಂಡಿದ್ದೆ.

ಹಳೇಪುಟ

ಬಹಳ ಹಳೇದು. ಇಂಗ್ಲೆಂಡಿನ ಟ್ಯೂಡರ್ ರಾಜರೂ ಇದರಲ್ಲಿ ಪಳಗಿದವರು. 1537ರಲ್ಲಿ ಕಲಾವಿದ ಹೋಲ್ಬೈನ್ ಲಂಡನ್ನಿನ ವೈಟ್‌ಹಾಲ್ ಅರಮನೆಯ ಗೋಡೆ ಮೇಲೆ ಎಂಟನೇ ಹೆನ್ರಿಯನ್ನೂ ಅವನ ಅಪ್ಪ ಏಳನೇ ಹೆನ್ರಿಯನ್ನೂ ಒಟ್ಟಿಗೆ ನಿಲ್ಲಿಸಿದ. ಅಪ್ಪ ಸತ್ತು ಆಗಲೇ 28 ವರ್ಷ ಆಗಿತ್ತು. ಆ ಗೋಡೆ 1698ರ ಬೆಂಕಿಯಲ್ಲಿ ಹೋಯಿತು. ಪುಣ್ಯಕ್ಕೆ ಅದಕ್ಕೂ ಮೊದಲೇ ಯಾರೋ ಒಂದು ನಕಲು ಮಾಡಿದ್ದರು, ಅದು ಉಳಿದಿದೆ.

ಮೊದಲನೇ ಎಲಿಜಬೆತ್ ಕಾಲದ ಒಂದು ಚಿತ್ರವಂತೂ ಪಾಠದ ಥರ ಇದೆ. ಸುಮಾರು 1572ರದು, ಲುಕಾಸ್ ಡಿ ಹೀರೆ ಬರೆದಿದ್ದು ಅಂತ ಹೇಳುತ್ತಾರೆ. ಸಿಂಹಾಸನದ ಮೇಲೆ ಎಂಟನೇ ಹೆನ್ರಿ. ಅಪ್ಪನ ಪಕ್ಕದಲ್ಲಿ ಮಂಡಿಯೂರಿದವನು ಮಗ ಎಡ್ವರ್ಡ್. ಒಂದು ಬದಿಗೆ ಮಗಳು ಮೇರಿ, ಗಂಡ ಸ್ಪೇನಿನ ಫಿಲಿಪ್, ಅವರ ಹಿಂದೆ ಯುದ್ಧದ ದೇವರು ಮಾರ್ಸ್. ಇನ್ನೊಂದು ಬದಿಗೆ ಎಲಿಜಬೆತ್, ಅವಳ ಜೊತೆಗೆ ಶಾಂತಿ ಮತ್ತು ಸಮೃದ್ಧಿಯ ದೇವತೆಗಳು. ಶಾಂತಿಯ ಕಾಲ ಕೆಳಗೆ ಆಯುಧಗಳು. ಅಕ್ಕ ಬಂದರೆ ಯುದ್ಧ, ತಂಗಿ ಬಂದರೆ ನೆಮ್ಮದಿ ಅಂತ ಹೇಳೋಕೆ ಇನ್ನೇನು ಬೇಕು? ಹೆನ್ರಿ 1547ರಲ್ಲಿ, ಎಡ್ವರ್ಡ್ 1553ರಲ್ಲಿ, ಮೇರಿ 1558ರಲ್ಲಿ ಸತ್ತಾಗಿತ್ತು. ಈ ಚಿತ್ರವನ್ನು ರಾಣಿ ತನ್ನ ಮಂತ್ರಿ ವಾಲ್ಸಿಂಗ್‌ಹ್ಯಾಮ್‌ಗೆ ಕೊಟ್ಟಳು ಅಂತ ಚಿತ್ರದ ಕೆಳಗೇ ಬರೆದಿದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಬೇರೆ. ಸುಮಾರು 20 ವರ್ಷದ ನಂತರ ಇದೇ ಚಿತ್ರವನ್ನು ಕೆತ್ತಿ ಮುದ್ರಿಸಿದರು. ಆಗ ಎಲಿಜಬೆತ್ ಉಡುಪನ್ನು ಮಾತ್ರ ಹೊಸ ಫ್ಯಾಷನ್‌ಗೆ ಬದಲಾಯಿಸಿದರು! ಉಳಿದವರೆಲ್ಲ ಹಳೇ ಬಟ್ಟೆಯಲ್ಲೇ ಇದ್ದಾರೆ. ಚಿತ್ರದಲ್ಲಿ ಕಾಲ ನಡೆಯುತ್ತಿರೋದು ಒಬ್ಬಳಿಗೆ ಮಾತ್ರ.

ಪ್ರಶ್ನೆಪತ್ರಿಕೆ

ಹಾಗಾದರೆ ಟ್ರಂಪ್ ಚಿತ್ರಕ್ಕೂ ಈ ಲೆಕ್ಕ ಹಾಕಿ ನೋಡೋಣ. ಚಿತ್ರ ಬರೆದಾಗ ಬದುಕಿದ್ದವರು ಟ್ರಂಪ್ ಮತ್ತು ಇಬ್ಬರು ಬುಷ್‌ಗಳು. ಅಪ್ಪ ಬುಷ್ ತೀರಿಕೊಂಡಿದ್ದು 2018ರ ನವೆಂಬರ್ ಕೊನೆಗೆ. 2016ರಲ್ಲಿ ಟ್ರಂಪ್‌ರನ್ನು ಅಭ್ಯರ್ಥಿ ಮಾಡಿದ ಪಕ್ಷದ ಸಮಾವೇಶಕ್ಕೆ ಈ ಅಪ್ಪ ಮಗ ಇಬ್ಬರೂ ಹೋಗಿರಲಿಲ್ಲ. ಚಿತ್ರದಲ್ಲಿ ಮಾತ್ರ ಒಂದೇ ಮೇಜು, ಒಂದೇ ನಗು.

ಸತ್ತವರ ಕಥೆಯೂ ಹಾಗೇ ಇದೆ. ಥಿಯೋಡರ್ ರೂಸ್‌ವೆಲ್ಟ್ 1912ರಲ್ಲಿ ಈ ಪಕ್ಷ ಬಿಟ್ಟು ಬೇರೆ ಪಕ್ಷ ಕಟ್ಟಿ ಚುನಾವಣೆಗೆ ನಿಂತವರು. ರೇಗನ್ 1962ರ ತನಕ ಡೆಮಾಕ್ರಟ್ ಆಗಿದ್ದವರು. ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಟ್ಟರು, ಅವರಿಗೆ ಕ್ಷಮಾದಾನ ಕೊಟ್ಟ ಫೋರ್ಡ್ ಮುಂದಿನ ಚುನಾವಣೆಯಲ್ಲಿ ಸೋತರು. ಆ ಮೇಜಿನ ಮೇಲೆ ಇರಬೇಕಾಗಿದ್ದ ಜಗಳ ಎಷ್ಟೊಂದು!

ಸುಮ್ನೆಒಬ್ಬ

ಈಗ ನನಗೂ ಸ್ವಲ್ಪ ಆಸಕ್ತಿ ಬಂತು ನೋಡಿ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಮೊಘಲ್ ಚಿತ್ರವನ್ನು ರಾಜನೇ ಹೇಳಿ ಬರೆಸಿದ್ದು. ಇಲ್ಲಿ ಟ್ರಂಪ್ ಬರೆಸಲಿಲ್ಲ. ಕಲಾವಿದ ತಾನೇ ಬರೆದರು, ಡ್ಯಾರೆಲ್ ಇಸಾ ಅನ್ನೋ ಸಂಸದರು ಅದನ್ನು ಟ್ರಂಪ್‌ಗೆ ಕೊಟ್ಟರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದಾ?

ಹಳೇಪುಟ

ಒಳ್ಳೇ ಮಾತು. ತೂಗಬಾರದು. ಬರೆಸಿದ ಚಿತ್ರದಲ್ಲಿ ಆಳುವವನ ಆಸೆ ಇರುತ್ತದೆ. ಮಾರುಕಟ್ಟೆಗೆ ಬರೆದ ಚಿತ್ರದಲ್ಲಿ ಕೊಳ್ಳುವವರ ಆಸೆ ಇರುತ್ತದೆ. ಆದರೆ ಶ್ವೇತಭವನದ ಗೋಡೆಗೆ ಏರಿದ ದಿನ ಎರಡೂ ಕೂಡಿಕೊಂಡವು ಅಲ್ವಾ? ಚಿತ್ರ ಎಲ್ಲಿ ತೂಗುಹಾಕಿದ್ದಾರೆ ಅನ್ನೋದೂ ಅದರ ಅರ್ಥದ ಒಂದು ಭಾಗ.

ಬಣ್ಣಗಾರ

ಈ ಸಾಲಿನಲ್ಲಿ ಜಾನ್ ಮೆಕ್‌ನಾಟನ್ ಅವರ ‘ದಿ ಫರ್ಗಾಟನ್ ಮ್ಯಾನ್’ ಬರಲೇಬೇಕು. 2010ರದು. ಶ್ವೇತಭವನದ ಮುಂದೆ ಹಿಂದಿನ ಅಧ್ಯಕ್ಷರೆಲ್ಲ ನೆರೆದಿದ್ದಾರೆ. ಬೆಂಚಿನ ಮೇಲೆ ತಲೆ ತಗ್ಗಿಸಿ ಒಬ್ಬ ಸಾಮಾನ್ಯ ಮನುಷ್ಯ ಕೂತಿದ್ದಾನೆ. ಒಬಾಮ ಅವನಿಗೆ ಬೆನ್ನು ಹಾಕಿ ನಿಂತಿದ್ದಾರೆ, ಕಾಲ ಕೆಳಗೆ ಸಂವಿಧಾನದ ಹಾಳೆ. ಆ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್ ಬೇಡಿಕೊಳ್ಳುತ್ತಿದ್ದಾರೆ. ಕೆಲವು ಅಧ್ಯಕ್ಷರು ಚಪ್ಪಾಳೆ ತಟ್ಟುತ್ತಿದ್ದಾರೆ. ಇದನ್ನು ಟಿವಿ ನಿರೂಪಕ ಶಾನ್ ಹ್ಯಾನಿಟಿ ಕೊಂಡರು.

ಆಂಡಿ ಥಾಮಸ್ ಚಿತ್ರದಲ್ಲಿ ಸತ್ತವರು ಬದುಕಿದವನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ. ಇಲ್ಲಿ ಸತ್ತವರು ಬದುಕಿದವನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಉಪಾಯ ಒಂದೇ, ದಿಕ್ಕು ಉಲ್ಟಾ.

ಚಿತ್ರವಾಗಿ ನನಗೆ ಇದು ಹಿಡಿಸಲಿಲ್ಲ. ಕಾರಣ ರಾಜಕೀಯ ಅಲ್ಲ. ಕಲಾವಿದರು ತಮ್ಮ ಜಾಲತಾಣದಲ್ಲಿ ಚಿತ್ರದೊಳಗಿನ ಜನ ಯಾರು, ಯಾಕಿದ್ದಾರೆ ಅಂತ ಅವರೇ ವಿವರಿಸಿದ್ದಾರೆ. ಎಲ್ಲವನ್ನೂ ಹೇಳಿಬಿಟ್ಟ ಮೇಲೆ ನೋಡುಗನಿಗೆ ಏನು ಉಳೀತು? ಲಿಂಕನ್ ಬೆನ್ನಿನಲ್ಲಿ ಇದ್ದ ಆ ಚಿಕ್ಕ ಜಾಗವೂ ಇಲ್ಲಿಲ್ಲ.

ನಿರ್ವಾಹಕರು

ಈ ಎಳೆಯಿಂದ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಚಿತ್ರದ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ. ಯಾವ ಪಕ್ಷ ಸರಿ ಅನ್ನೋ ಜಗಳ ಇಲ್ಲಿ ಬೇಡ.

ಗೋಡೆಬರಹ

ಎಲ್ಲರೂ ಹೊಗಳೋದು ಅಥವಾ ಬೈಯೋದು ಎರಡೇ ದಾರಿ ಇದೆ ಅನ್ನೋ ಹಾಗೆ ಮಾತಾಡ್ತಿದ್ದೀರಿ. ಮೂರನೇ ದಾರಿಯೂ ಇದೆ. ಮೆಕ್ಸಿಕೋದ ಡಿಯೆಗೊ ರಿವೇರಾ ಅವರ ‘ಅಲಮೇದಾ ಉದ್ಯಾನದಲ್ಲಿ ಒಂದು ಭಾನುವಾರ ಮಧ್ಯಾಹ್ನದ ಕನಸು’ ನೋಡಿ. 1947ರ ಭಿತ್ತಿಚಿತ್ರ, ಸುಮಾರು 15 ಮೀಟರ್ ಉದ್ದ. ಮೆಕ್ಸಿಕೋ ನಗರದ ಉದ್ಯಾನವೊಂದರಲ್ಲಿ 400 ವರ್ಷದ ಇತಿಹಾಸ ವಾಕಿಂಗ್ ಬಂದಿದೆ. ಎಡಕ್ಕೆ ರಕ್ತ ಮೆತ್ತಿದ ಕೈಯ ಹೆರ್ನಾನ್ ಕೊರ್ಟೆಸ್, ಅಂದರೆ ಸ್ಪೇನಿನಿಂದ ಬಂದು ದೇಶ ಗೆದ್ದವನು. ಆಮೇಲೆ 19ನೇ ಶತಮಾನದ ಅಧ್ಯಕ್ಷ ಬೆನಿಟೊ ಹುವಾರೆಸ್. ಇನ್ನೊಂದು ಕಡೆ ಎದೆ ತುಂಬ ಪದಕ ಹಾಕಿಕೊಂಡ ಸರ್ವಾಧಿಕಾರಿ ಪೊರ್ಫಿರಿಯೊ ಡಿಯಾಸ್, ಅವನನ್ನು ಇಳಿಸಿದ ಫ್ರಾನ್ಸಿಸ್ಕೊ ಮದೆರೊ ಟೋಪಿ ಎತ್ತಿ ನಮಸ್ಕಾರ ಮಾಡ್ತಿದ್ದಾನೆ.

ಇಷ್ಟು ನಾಯಕರಿದ್ದಾರೆ, ಆದರೆ ನಟ್ಟನಡುವೆ ನಿಂತಿರೋದು ಯಾರು? ಗರಿಯ ಟೋಪಿ ಹಾಕಿಕೊಂಡ ಒಂದು ಅಸ್ಥಿಪಂಜರ, ‘ಕತ್ರಿನಾ’. ಅವಳ ಕೈ ಹಿಡಿದು ನಿಂತವನು ಹುಡುಗನ ರೂಪದಲ್ಲಿರುವ ರಿವೇರಾ. ಹಿಂದೆ ಅವರ ಹೆಂಡತಿ, ಕಲಾವಿದೆ ಫ್ರಿಡಾ ಕಾಲೊ. ಇನ್ನೊಂದು ಪಕ್ಕಕ್ಕೆ ಕತ್ರಿನಾಳನ್ನು ಮೊದಲು ಕೆತ್ತಿದ ಕಲಾವಿದ ಪೊಸಾಡಾ. ನಾಯಕರೆಲ್ಲ ಅಂಚಿಗೆ, ಸಾವು ಮತ್ತು ಕಲಾವಿದರು ನಡುವೆ. ಇದು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಕನಸು ಅಂತ ಹೆಸರಲ್ಲೇ ಹೇಳಿಬಿಟ್ಟಿದ್ದಾರೆ. ಹೀಗೆ ನಡೆಯಿತು ಅಂತ ನಂಬಿಸೋಕೆ ಹೋಗಿಲ್ಲ.

ಹಳೇಪುಟ ಅವರ ಪ್ರಶ್ನೆಯನ್ನೇ ಕೇಳಿದರೂ ಉತ್ತರ ಸಿಗುತ್ತದೆ. ಆ ನಡುವಿನ ಗುಂಪಿನಲ್ಲಿ ಆಗ ಬದುಕಿದ್ದವರು ರಿವೇರಾ ಮತ್ತು ಫ್ರಿಡಾ. ಹಾಗಾಗಿ ಇದು ಅವರ ಚಿತ್ರ.

ಕುಂಚಪ್ರಿಯ

ಆ ಚಿತ್ರಕ್ಕೆ ಏನೋ ಗಲಾಟೆ ಆಗಿತ್ತು ಅಲ್ವಾ?

ಗೋಡೆಬರಹ

ಆಗಿತ್ತು. ಅದರಲ್ಲಿ ಇಗ್ನಾಸಿಯೊ ರಾಮಿರೆಸ್ ಎಂಬ 19ನೇ ಶತಮಾನದ ಚಿಂತಕರ ಕೈಯಲ್ಲಿ ಒಂದು ಹಾಳೆ. ಅದರ ಮೇಲೆ ‘ದೇವರು ಇಲ್ಲ’ ಅಂತ ಬರೆದಿತ್ತು. ಚಿತ್ರ ಇದ್ದದ್ದು ಒಂದು ದೊಡ್ಡ ಹೋಟೆಲಿನಲ್ಲಿ. ಜನ ಸಿಟ್ಟಾದರು, ವರ್ಷಗಟ್ಟಲೆ ಚಿತ್ರವನ್ನು ಮುಚ್ಚಿಟ್ಟರು. 1956ರಲ್ಲಿ ರಿವೇರಾ ಆ ಸಾಲನ್ನು ಅಳಿಸಿದರು. ಅದರ ಜಾಗದಲ್ಲಿ ಆ ಮಾತನ್ನು ಹೇಳಿದ್ದ 1836ರ ಉಪನ್ಯಾಸದ ಉಲ್ಲೇಖ ಬರೆದರು. ಗೊತ್ತಿದ್ದವರಿಗೆ ಗೊತ್ತಾಗುತ್ತೆ, ಇಲ್ಲದವರಿಗೆ ಇಲ್ಲ! 1985ರ ಭೂಕಂಪದಲ್ಲಿ ಹೋಟೆಲ್ ಹಾಳಾಯಿತು. ಚಿತ್ರವನ್ನು ಉಳಿಸಿ ಹತ್ತಿರದಲ್ಲೇ ಒಂದು ಮ್ಯೂಸಿಯಂ ಮಾಡಿ ಇಟ್ಟರು.

ಅದಕ್ಕೂ ಮೊದಲು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್‌ನಲ್ಲಿ 1933ರಲ್ಲಿ ಗೋಡೆ ಮೇಲೆ ಲೆನಿನ್ ಮುಖ ಬರೆದಿದ್ದಕ್ಕೆ ಇವರ ಕೆಲಸ ನಿಂತಿತ್ತು. 1934ರಲ್ಲಿ ಆ ಗೋಡೆಯನ್ನೇ ಒಡೆದರು. ರಿವೇರಾ ಅದೇ ಚಿತ್ರವನ್ನು ಮೆಕ್ಸಿಕೋದಲ್ಲಿ ಮತ್ತೆ ಬರೆದರು. ಮಾರ್ಕ್ಸ್‌ರನ್ನೂ ಟ್ರಾಟ್‌ಸ್ಕಿಯನ್ನೂ ಅದರಲ್ಲಿ ತಂದರು. ಒಂದು ಮುಖಕ್ಕೆ ಇಷ್ಟು ಬೆಲೆ ಕೊಡಬೇಕಾದ ಕೆಲಸ ಇದು.

ಪ್ರಶ್ನೆಪತ್ರಿಕೆ

ಮುಖ ಸೇರಿಸೋದು ತೆಗೆಯೋದು ಅಂದಾಗ ಸೋವಿಯತ್ ಪೋಸ್ಟರ್ ನೆನಪಾಗುತ್ತವೆ. ಮಾರ್ಕ್ಸ್, ಏಂಗೆಲ್ಸ್, ಲೆನಿನ್, ಸ್ಟಾಲಿನ್ ಸಾಲಾಗಿ ಇರುವ ಚಿತ್ರ. ಗುಸ್ತಾವ್ ಕ್ಲುತ್ಸಿಸ್ 1933ರಲ್ಲಿ ಅಂಥದ್ದೊಂದು ಪ್ರಸಿದ್ಧ ಪೋಸ್ಟರ್ ಮಾಡಿದರು. ನಾಲ್ವರಲ್ಲಿ ಆಗ ಬದುಕಿದ್ದವನು ಸ್ಟಾಲಿನ್ ಒಬ್ಬನೇ. ಮಾರ್ಕ್ಸ್ ಸತ್ತಾಗ ಸ್ಟಾಲಿನ್ ಇನ್ನೂ ಚಿಕ್ಕ ಹುಡುಗ. ಇಂಥ ಸಾಲು ಮಾಡಿಕೊಟ್ಟ ಕ್ಲುತ್ಸಿಸ್‌ನನ್ನು 1938ರಲ್ಲಿ ಅದೇ ಸ್ಟಾಲಿನ್ ಆಡಳಿತ ಗುಂಡಿಕ್ಕಿ ಕೊಂದಿತು.

ಉಲ್ಟಾ ಕೂಡ ಆಗಿದೆ. ವ್ಲಾದಿಮಿರ್ ಸೆರೋವ್ 1947ರಲ್ಲಿ ಲೆನಿನ್ ಭಾಷಣದ ಚಿತ್ರ ಬರೆದಾಗ ಹಿಂದೆ ಸ್ಟಾಲಿನ್ ಇದ್ದ. ಸ್ಟಾಲಿನ್ ಹೆಸರು ಕೆಟ್ಟ ಮೇಲೆ ಅದೇ ಕಲಾವಿದರು ಅದೇ ದೃಶ್ಯವನ್ನು ಮತ್ತೆ ಬರೆದರು. ಈ ಸಲ ಆ ಜಾಗದಲ್ಲಿ ಸಾಮಾನ್ಯ ಕೆಲಸಗಾರರು ನಿಂತಿದ್ದರು.

ಹಳೇಪುಟ

ಸೇರಿಸೋದಕ್ಕೆ ಇನ್ನೂ ಹಳೇ ಉದಾಹರಣೆ ಕೊಡ್ತೀನಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ‘ತೈಮೂರ್ ವಂಶದ ರಾಜಕುಮಾರರು’ ಅಂತ ಬಟ್ಟೆ ಮೇಲೆ ಬರೆದ ದೊಡ್ಡ ಚಿತ್ರ ಇದೆ. 1550ರ ದಶಕದ ಮೊದಲ ಭಾಗದಲ್ಲಿ ಹುಮಾಯೂನನಿಗಾಗಿ ಮಾಡಿದ್ದು. ತೋಟದ ಮಂಟಪದಲ್ಲಿ ಪೂರ್ವಜರ ಕೂಟ. ಮುಂದಿನ ಶತಮಾನದಲ್ಲಿ ಅದೇ ಬಟ್ಟೆಯ ಮೇಲೆ ಜಹಾಂಗೀರ್, ಶಾಜಹಾನ್ ಮುಖಗಳು ಬಂದು ಕೂತವು. ಹೊಸ ಚಿತ್ರ ಯಾಕೆ, ಹಳೇ ಕೂಟಕ್ಕೇ ಸೇರಿಕೊಂಡರಾಯ್ತು ಅಂತ! ಹಳೇ ಬಟ್ಟೆಗೆ ಇರುವ ಗೌರವ ಹೊಸ ಚಿತ್ರಕ್ಕೆ ಎಲ್ಲಿಂದ ಬರಬೇಕು.

ಸುಮ್ನೆಒಬ್ಬ

ಸರಿ ಹಾಗಾದರೆ, ನಿಮ್ಮ ‘ಬದುಕಿದ್ದವರು ಯಾರು’ ಸೂತ್ರಕ್ಕೆ ಒಂದು ಸವಾಲು. 1865ರಲ್ಲಿ ಲಿಂಕನ್ ಹತ್ಯೆ ಆದ ಮೇಲೆ ಅಮೆರಿಕದಲ್ಲಿ ಒಂದು ಚಿಕ್ಕ ಕಾರ್ಡ್ ಚಿತ್ರ ಮಾರಾಟಕ್ಕೆ ಬಂತು. ಸ್ವರ್ಗದಲ್ಲಿ ವಾಷಿಂಗ್ಟನ್ ಲಿಂಕನ್‌ರನ್ನು ಅಪ್ಪಿಕೊಂಡು ತಲೆಗೆ ಎಲೆಗಳ ಕಿರೀಟ ಇಡುತ್ತಿದ್ದಾರೆ. ಇಬ್ಬರೂ ಸತ್ತವರೇ. ಈಗ ಹೇಳಿ.

ಹಳೇಪುಟ

ಮೆಚ್ಚಿದೆ. ಇಬ್ಬರೂ ಸತ್ತವರಾದರೆ ಬದುಕಿರುವವನು ಚೌಕಟ್ಟಿನ ಹೊರಗಿದ್ದಾನೆ ಅಂತ ಅರ್ಥ. ಆ ಕಾರ್ಡ್ ಕೊಂಡು ಮನೆಯ ಆಲ್ಬಂನಲ್ಲಿ ಇಟ್ಟುಕೊಂಡವನು. ಅಂತರ್ಯುದ್ಧ ಆಗ ತಾನೇ ಮುಗೀತಿತ್ತು, ಅಧ್ಯಕ್ಷನ ಕೊಲೆ ಆಗಿತ್ತು. ಅವನಿಗೆ ಸಮಾಧಾನ ಬೇಕಿತ್ತು. ದೇಶ ಕಟ್ಟಿದವನೂ ದೇಶ ಉಳಿಸಿದವನೂ ಒಂದೇ ಮನೆಯವರು ಅಂತ ಅನ್ನಿಸಬೇಕಿತ್ತು. ಆದರೆ ಆ ಅಪ್ಪುಗೆಯಲ್ಲಿ ಒಂದು ವಿಷಯ ಮುಚ್ಚಿಹೋಗಿದೆ. ವಾಷಿಂಗ್ಟನ್ ಗುಲಾಮರನ್ನು ಇಟ್ಟುಕೊಂಡಿದ್ದವರು. ಲಿಂಕನ್ 1863ರಲ್ಲಿ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದವರು. ನಿಜಕ್ಕೂ ಭೇಟಿಯಾಗಿದ್ದರೆ ಮಾತು ಅಪ್ಪುಗೆಯಿಂದ ಶುರುವಾಗುತ್ತಿತ್ತೋ ಇಲ್ಲವೋ.

ಬಣ್ಣಗಾರ

ಎದುರಿಗೆ ಯಾರನ್ನೂ ಕೂರಿಸದೇನೇ ಈ ಕೆಲಸ ಮಾಡಿದವರೂ ಇದ್ದಾರೆ. ಜಾಕ್ ಲೂಯಿ ಡೇವಿಡ್ 1801ರಲ್ಲಿ ಬರೆದ ನೆಪೋಲಿಯನ್ ಆಲ್ಪ್ಸ್ ದಾಟುವ ಚಿತ್ರದಲ್ಲಿ ಕುದುರೆಯ ಕಾಲ ಬಳಿಯ ಬಂಡೆ ನೋಡಿ. ಅಲ್ಲಿ ಬೋನಪಾರ್ಟ್, ಹ್ಯಾನಿಬಲ್, ಶಾರ್ಲಮೇನ್ ಮೂವರ ಹೆಸರೂ ಕೆತ್ತಿದೆ. ಹ್ಯಾನಿಬಲ್, ಶಾರ್ಲಮೇನ್ ಇವನಿಗಿಂತ ಎಷ್ಟೋ ಮೊದಲು ಸೈನ್ಯದ ಜೊತೆ ಆಲ್ಪ್ಸ್ ದಾಟಿದವರು. ಅವರಿಬ್ಬರ ಮುಖ ಬರೆಯುವ ಕಷ್ಟವೇ ಇಲ್ಲ, ಹೆಸರು ಸಾಕು. ನಿಜದಲ್ಲಿ ನೆಪೋಲಿಯನ್ ದಾಟಿದ್ದು ಹೇಸರಗತ್ತೆ ಮೇಲೆ ಕೂತು. ಹೇಸರಗತ್ತೆ ಪಕ್ಕ ಹ್ಯಾನಿಬಲ್ ಹೆಸರು ಅಷ್ಟು ಕಳೆಕಟ್ಟುತ್ತಿರಲಿಲ್ಲ ಬಿಡಿ.

ಪ್ರಶ್ನೆಪತ್ರಿಕೆ

ನೂರಕ್ಕೂ ಹೆಚ್ಚು ಜನರಿರುವ ಆ ಚೀನೀ ಚಿತ್ರದ ಬಗ್ಗೆ ಯಾರೂ ಹೇಳಲಿಲ್ಲ. 2006ರಲ್ಲಿ ಮೂವರು ಕಲಾವಿದರು ಸೇರಿ ಮಾಡಿದ್ದು. ಗಾಂಧಿ, ಮಾವೊ, ಲಿಂಕನ್, ಹಿಟ್ಲರ್, ಸ್ಟಾಲಿನ್, ಚರ್ಚಿಲ್ ಎಲ್ಲ ಇದ್ದಾರೆ. 2009ರಲ್ಲಿ ಇಂಟರ್ನೆಟ್‌ನಲ್ಲಿ ಬಹಳ ಓಡಾಡಿತು. ಯಾರು ಯಾರು ಅಂತ ಗುರುತಿಸೋದೇ ಆಟ.

ಗೋಡೆಬರಹ

ಅದೇ ಅದರ ತೊಂದರೆ ಅನ್ನೋದು ನನ್ನ ಅಭಿಪ್ರಾಯ. ಗುರುತಿಸಿ ಮುಗಿದ ಮೇಲೆ ಏನೂ ಉಳಿಯಲ್ಲ. ರಾಫೆಲ್‌ನ ‘ಸ್ಕೂಲ್ ಆಫ್ ಅಥೆನ್ಸ್’ ಅನ್ನು ಅದರ ಪಕ್ಕ ಇಟ್ಟು ನೋಡಿ. ಅಲ್ಲೂ ಶತಮಾನಗಳ ಅಂತರದವರು ಒಂದೇ ಕಟ್ಟಡದಲ್ಲಿದ್ದಾರೆ. ನಾಯಕರಲ್ಲ, ತತ್ವಜ್ಞಾನಿಗಳು. ಆದರೆ ಪ್ಲೇಟೊ ಬೆರಳು ಮೇಲಕ್ಕೆ, ಅರಿಸ್ಟಾಟಲ್ ಅಂಗೈ ನೆಲದ ಕಡೆಗೆ. ಆ ಎರಡು ಕೈಗಳಿಂದ ಇಡೀ ಚಿತ್ರಕ್ಕೆ ಒಂದು ವಾದ ಸಿಗುತ್ತದೆ. ಚೀನೀ ಚಿತ್ರದಲ್ಲಿ ಗಾಂಧಿಯೂ ಹಿಟ್ಲರನೂ ಇದ್ದರೂ ಅವರ ನಡುವೆ ಏನೂ ನಡೆಯುತ್ತಿಲ್ಲ. ಆದರೆ ಒಂದು ಮೂಲೆ ನನಗೆ ಇಷ್ಟ. ಮೇಲೆ ಬಲಗಡೆ ಕಲಾವಿದರು ಮೂವರೂ ಇಟಲಿಯ ಹಳೇ ಕವಿ ಡಾಂಟೆ ಜೊತೆ ನಿಂತು ಕೆಳಗಿನ ಜಾತ್ರೆ ನೋಡ್ತಿದ್ದಾರೆ. ಅವರಿಗೂ ಇದು ನೋಡೋಕೆ ಇರುವ ಗುಂಪು, ಅಷ್ಟೇ.

ಕುಂಚಪ್ರಿಯ

ನಾನು ಮತ್ತೆ ಹೋಗಿ ಆಂಡಿ ಥಾಮಸ್ ಚಿತ್ರ ನೋಡಿದೆ. ಹಿಂದೆ, ಮಬ್ಬು ಬೆಳಕಿನಲ್ಲಿ, ಮೇಜಿನ ಕಡೆಗೆ ನಡೆದು ಬರುತ್ತಿರುವ ಒಬ್ಬ ಹೆಂಗಸು ಇದ್ದಾರೆ. ಮುಂದೆ ಬರಲಿರುವ ಮೊದಲ ಮಹಿಳಾ ಅಧ್ಯಕ್ಷೆಯ ಸಂಕೇತ ಅಂತ ಕಲಾವಿದರೇ ಹೇಳಿದ್ದಾರಂತೆ. ಹಾಗಾದರೆ ಸತ್ತವರು, ಬದುಕಿದವರು ಮಾತ್ರ ಅಲ್ಲ, ಇನ್ನೂ ಬರದವರೂ ಚಿತ್ರದಲ್ಲಿದ್ದಾರೆ.

ಪ್ರಶ್ನೆಪತ್ರಿಕೆ

ಬಂದರೂ ಕುರ್ಚಿ ಖಾಲಿ ಇದೆಯಾ ಅಂತ ನೋಡಬೇಕು. ನನಗಂತೂ ಕಾಣಲಿಲ್ಲ. 😄

ಸುಮ್ನೆಒಬ್ಬ

ಭಾರತದ ಸಂವಿಧಾನದ ಮೂಲ ಪ್ರತಿಯಲ್ಲಿ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಮಾಡಿದ ಚಿತ್ರಗಳಿವೆಯಲ್ಲ. ಅದರ ಒಂದು ಪುಟದಲ್ಲಿ ಟಿಪ್ಪು ಸುಲ್ತಾನ್ ಮತ್ತು ಝಾನ್ಸಿ ರಾಣಿ ಲಕ್ಷ್ಮೀಬಾಯಿ ಒಟ್ಟಿಗಿದ್ದಾರೆ. ಟಿಪ್ಪು ಸತ್ತಿದ್ದು 1799ರಲ್ಲಿ, ರಾಣಿ 1858ರಲ್ಲಿ. ಇನ್ನೊಂದು ಪುಟದಲ್ಲಿ ಶಿವಾಜಿ ಮತ್ತು ಗುರು ಗೋಬಿಂದ್ ಸಿಂಗ್. ಇದೂ ನಿಮ್ಮ ಪಟ್ಟಿಗೆ ಸೇರುತ್ತಾ?

ಬಣ್ಣಗಾರ

ಅರ್ಧ ಸೇರುತ್ತದೆ. ಅಲ್ಲಿ ಇರೋದು ಇಬ್ಬರ ಭಾವಚಿತ್ರ. ಇಬ್ಬರೂ ಮಾತಾಡಿಕೊಳ್ಳುತ್ತಿಲ್ಲ, ಒಬ್ಬರಿಗೊಬ್ಬರು ಏನೂ ಕೊಡುತ್ತಿಲ್ಲ. ಮೊದಲು ಹೇಳಿದ ಬೆಳಕಿನ ಕೈಚಳಕ ಇಲ್ಲಿ ಇಲ್ಲ. ಒಂದೇ ಕೋಣೆಯಲ್ಲಿದ್ದರು ಅಂತ ಚಿತ್ರ ಹೇಳುತ್ತಿಲ್ಲ, ಒಂದೇ ಪುಟದಲ್ಲಿರಲಿ ಅಂತ ಕೇಳುತ್ತಿದೆ.

ಹಳೇಪುಟ

ಆ ಪುಟದ ವಿಷಯ ಬ್ರಿಟಿಷರ ಆಕ್ರಮಣದ ವಿರುದ್ಧದ ಹೋರಾಟ. ಮೈಸೂರಿನ ಸುಲ್ತಾನನಿಗೂ ಝಾನ್ಸಿಯ ರಾಣಿಗೂ ಇರುವ ಒಂದೇ ನಂಟು ಅವರ ಎದುರಾಳಿ. ಆ ಎದುರಾಳಿಯನ್ನು ಚಿತ್ರದಲ್ಲಿ ಬರೆದಿಲ್ಲ, ಆದರೆ ಅವನಿಲ್ಲದೆ ಇವರಿಬ್ಬರು ಪಕ್ಕ ಪಕ್ಕ ಬರೋಕೆ ಕಾರಣವೇ ಇರಲ್ಲ. ಇಬ್ಬರೂ ಯುದ್ಧ ಮಾಡುತ್ತಲೇ ಸತ್ತವರು ಬೇರೆ. ಬದುಕಿದ್ದ ಯಾರೂ ಪಕ್ಕದಲ್ಲಿ ಬಂದು ನಿಂತು ಇವರ ಆಶೀರ್ವಾದ ತಗೊಳ್ಳುತ್ತಿಲ್ಲ. ಇಲ್ಲಿ ಚೌಕಟ್ಟಿನ ಹೊರಗೆ ಇರೋದು ಆಗ ತಾನೇ ಹುಟ್ಟಿದ ಗಣರಾಜ್ಯ. ಅದು ತನ್ನ ಹಿಂದಿನವರು ಯಾರು ಅಂತ ಆರಿಸಿಕೊಳ್ಳುತ್ತಿದೆ.

ಸುಮ್ನೆಒಬ್ಬ

ಆರಿಸಿಕೊಳ್ಳೋದು ಅಂದರೆ ಬಿಡೋದೂ ಇರುತ್ತದೆ. ಯಾರನ್ನು ಬಿಟ್ಟರು ಅಂತ ಬೇರೆ ಎಳೆ ಶುರು ಮಾಡ್ತೀನಿ, ಇಲ್ಲಿ ಆಗಲೇ ಉದ್ದ ಆಯ್ತು.

ಗೋಡೆಬರಹ

ಮಾಡಿ. ಆ ಪುಟಗಳ ಸ್ಪಷ್ಟ ಸ್ಕ್ಯಾನ್ ಸಿಕ್ಕರೆ ಮೊದಲ ಪೋಸ್ಟ್‌ನಲ್ಲೇ ಹಾಕಿಬಿಡಿ. ಚಿಕ್ಕ ಚಿತ್ರದಲ್ಲಿ ಅಂಚಿನ ಕೆಲಸ ಏನೂ ಕಾಣಲ್ಲ.